ನಾಯಿಯ ಅಳತೆಗೆ ಬಿಟ್ಟ ಕಿಂಡಿ

ಆ ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ದೊಡ್ಡ ಪಂಚಾಯಿತಿ ಕೂಡಿತ್ತು. ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತವರು ನಮ್ಮ ಮಾವ. ಅವರ ಎದುರಿಗೆ ಗೋಣಿತಟ್ಟಿನ ಮೇಲೆ ಎರಡು ಸತ್ತ ಆಡಿನ ಮರಿಗಳನ್ನು ಮಲಗಿಸಿಕೊಂಡು ಕುಳಿತವಳು ಅವರ ಹಿರಿಮಗಳು, ಅಂದರೆ ನನ್ನ ನಾದಿನಿ. ಗೋಡೆಗೆ ಒರಗಿ ಬೇವಿನಕಡ್ಡಿ ಜಗಿಯುತ್ತಿದ್ದವರು ನನ್ನ ಗಂಡ. ಪಕ್ಕದ ಮನೆಯ ಮುಕಾದಮನೂ ಬಂದಿದ್ದ. ಅವನದು ರಾವೂರಿನ ಕಲ್ಲುಗಣಿಯಲ್ಲಿ ಕೂಲಿಯವರ ಮೇಲೆ ಕೂಗುವ ನೌಕರಿ. ಕೂಗಿ ಕೂಗಿ ಅವನಿಗೆ ಮನೆಯಲ್ಲೂ ಮೆಲ್ಲಗೆ ಮಾತಾಡುವುದು ಮರೆತುಹೋಗಿತ್ತು. ನಾನು ಹೋಳಿಗೆಯ ಕಣಕ ಮೆತ್ತಿದ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದೆ. ಇನ್ನೊಬ್ಬ ಇದ್ದ, ಅವನನ್ನು ಮರೆಯಬಾರದು. ಮಾವನ ಕಾಲ ಬುಡದಲ್ಲಿ ಬಾಲ ಅಲ್ಲಾಡಿಸುತ್ತ, ಬಾಯಿಯ ಪಕ್ಕ ಅಂಟಿದ್ದ ಆಡಿನ ಕೂದಲನ್ನು ನಾಲಿಗೆಯಿಂದ ತೆಗೆಯುತ್ತ ಕುಳಿತಿದ್ದ ಒಂದು ಕೆಂಪು ನಾಯಿ. ಆರೋಪಿ ಅವನೇ. ಪಂಚಾಯಿತಿಯಲ್ಲಿ ಅವನಷ್ಟು ನಿಶ್ಚಿಂತೆಯಿಂದ ಕುಳಿತವರು ಬೇರೆ ಯಾರೂ ಇರಲಿಲ್ಲ.

“ಯಾವ ನಾಯಿ ಅಂತ ಕಣ್ಣಿಲಿ ನೋಡೀದೇನು?” ಮಾವ ಮಗಳನ್ನು ಕೇಳಿದರು.

“ನೋಡೀನಿ. ಈ ಕೆಂಪಂದು, ಮುಕಾದಮನ ಮನಿ ಬಿಳೇದು, ಇನ್ನಾ ಎರಡು ಟೇಸನ್ನಿನವು.”

“ಏ ಅಕ್ಕಾ, ಬಿಳೇದು ನಮ್ಮದಲ್ಲ ನೋಡು,” ಎಂದು ಮುಕಾದಮ ಗಣಿಯ ಆಚೆ ದಂಡೆಗೆ ಕೇಳುವಂತೆ ಹೇಳಿದ. “ಬರೇ ನಮ್ಮ ಮನ್ಯಾಗ ಮಲಗತದ.”

“ಮತ್ತ ರೊಟ್ಟಿ ಯಾರು ಹಾಕ್ತಾರ?” ಎಂದಳು ನಾದಿನಿ.

“ರೊಟ್ಟಿ ನಾವೇ ಹಾಕ್ತೀವಿ. ಹಂಗಂತ ನಮ್ಮದ ಅಂದ್ರ ಹ್ಯಾಂಗ?”

ನಮ್ಮ ಊರಿನ ನಾಯಿಗಳ ವ್ಯವಸ್ಥೆಯೇ ಹಾಗಿತ್ತು. ಹಗಲು ಹೊತ್ತು ಪ್ರತಿಯೊಂದು ನಾಯಿಗೂ ಒಂದು ಮನೆ, ಒಂದು ಕಟ್ಟೆ, ತಲೆ ಸವರುವ ಒಂದು ಕೈ. ಎಲ್ಲಾದರೂ ಆಡು ಸತ್ತ ಸುದ್ದಿ ಬಂದರೆ ಸಾಕು, ಅಷ್ಟೂ ನಾಯಿಗಳು ಒಂದೇ ಗಳಿಗೆಯಲ್ಲಿ ಅನಾಥವಾಗುತ್ತಿದ್ದವು. ಇವುಗಳ ಜೊತೆಗೆ ವಾಡಿ ಜಂಕ್ಷನ್ನಿನಿಂದ ಬರುವ ನಾಯಿಗಳು ಬೇರೆ. ಪ್ಲಾಟ್‌ಫಾರ್ಮಿನ ಪೂರಿ-ಭಾಜಿಯ ಎಂಜಲು ತಿಂದು ಬೆಳೆದ ಅವಕ್ಕೆ ನಡುನಡುವೆ ಹಳ್ಳಿಯ ಊಟದ ಆಸೆಯಾಗುತ್ತಿತ್ತು. ಕೆಂಪು ನಾಯಿ ಅವುಗಳ ಮುಖಂಡ. ರೈಲು ಹಳಿಯ ಗುಂಟ ನಡೆದು, ಗಣಿಯ ದಂಡೆ ದಾಟಿ, ಭಾನುವಾರ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದ.

ಭಾನುವಾರವೇ ಯಾಕೆ ಎಂದರೆ ಅದಕ್ಕೂ ಕಾರಣವಿದೆ. ನಮ್ಮ ಮಾವನ ಮನೆದೇವರು ಮೈಲಾರಲಿಂಗ. ಆ ದೇವರ ಸಂಗಡ ಯಾವಾಗಲೂ ನಾಯಿ. ಹೀಗಾಗಿ ಭಾನುವಾರ ಅವರ ಮನೆಯಲ್ಲಿ ಮೊದಲ ಎಡೆ ನಾಯಿಗೆ. ಹಿತ್ತಲಿನ ನಡುವೆ ಹಿರಿಯರು ಕಡೆಸಿದ ಒಂದು ಕಲ್ಲಿನ ದೋಣಿ ಇತ್ತು, ಎಮ್ಮೆಗೆ ನೀರಿಡುವ ತೊಟ್ಟಿಯ ತಮ್ಮನಂತೆ. ಹಬ್ಬವಿದ್ದರೆ ಅದರಲ್ಲಿ ಹೋಳಿಗೆ, ಇಲ್ಲದಿದ್ದರೆ ರೊಟ್ಟಿ ಪುಡಿಮಾಡಿ ಬೆಲ್ಲ ತುಪ್ಪ ಕಲಸಿದ ಮಾಲ್ದಿ. ನಾಯಿ ಬಾಯಿ ಹಾಕುವ ತನಕ ಮನೆಯವರು ಯಾರೂ ಉಣ್ಣುವಂತಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ತುಪ್ಪ ಸುರಿದ ಹೋಳಿಗೆಯನ್ನು ನಾಯಿ ಮೂಸಿ ನೋಡಿ ಮುಖ ತಿರುಗಿಸಿದ್ದನ್ನು ಕಂಡು ಹೊಟ್ಟೆಯುರಿದುಕೊಂಡಿದ್ದೆ. ನನ್ನ ತವರು ಚಿಂಚೋಳಿ ತಾಲೂಕಿನ ಕುಂಚಾವರಂ. ಅಡವಿಯ ಅಂಚು, ಚಿರತೆ ಬರುವ ಜಾಗ. ಅಲ್ಲಿ ನಾವು ಚಿರತೆಗೆ ಬೇಲಿ ಹಾಕುತ್ತಿದ್ದೆವೇ ಹೊರತು ಅದಕ್ಕೆ ಹೂರಣ ರುಬ್ಬುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ತಿಳಿಯಿತು, ಬದುಕಿನಲ್ಲಿ ಕಲಿಯುವುದು ಭಾಳ ಇದೆ ಎಂದು.

ನಾದಿನಿಯ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಕೆಯನ್ನು ಸೇಡಂ ಕಡೆ ಕೊಟ್ಟಿದ್ದರು. ಕೆಲವು ವರ್ಷ ಬಾಳ್ವೆ ಮಾಡಿ, ಒಂದು ದಿನ ಗಬ್ಬದ ಆಡೊಂದನ್ನು ಹಗ್ಗ ಹಿಡಿದು ಎಳೆದುಕೊಂಡು, ಗಣಿಯ ಕಲ್ಲಿನ ಲಾರಿಯಲ್ಲಿ ಕುಳಿತು ತವರಿಗೆ ಬಂದಿಳಿದಳು. ಯಾಕೆ ಬಿಟ್ಟು ಬಂದೆ ಎಂದು ಕೇಳಿದವರಿಗೆಲ್ಲ ಆಕೆಯದು ಒಂದೇ ಉತ್ತರ: “ಅಲ್ಲಿ ಎಲ್ಲಾ ಅದ. ನಂದು ಅಂತ ಈ ಆಡು ಒಂದೇ ಇತ್ತು, ತಗೊಂಡು ಬಂದೆ.” ಆ ಒಂದು ಆಡಿನಿಂದ ಹಿತ್ತಲು ತುಂಬಿತ್ತು. ಆಕೆಯ ಸೀರೆ, ಎಣ್ಣೆ, ಎಲೆ ಅಡಿಕೆ ಎಲ್ಲಾ ಆಡಿನಿಂದಲೇ. ತಮ್ಮನ ಮುಂದೆ ಕೈ ಚಾಚಿದವಳಲ್ಲ. ಆಡು ಇದ್ದರೆ ಆಕೆ ಆ ಮನೆಯ ಮಗಳು. ಆಡು ಹೋದರೆ ಒಲೆಯ ಮುಂದೆ ಇನ್ನೊಂದು ಕೈ, ಅಷ್ಟೇ. ಇದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದವರು ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

“ನಾಯಿ ಬಡಿಯಂಗಿಲ್ಲ,” ಎಂದರು ಮಾವ. “ದೇವರವು. ಆದ್ರ ಇನ್ನೊಮ್ಮೆ ನಾಯಿ ಬಿದ್ವು ಅಂದ್ರ ಎಲ್ಲಾ ಆಡು ಚಿತ್ತಾಪುರ ಸಂತಿಗಿ ಹೊಡೀತೀನಿ. ಆಡು ಇದ್ದಾವಂತಲ್ಲಾ ನಾಯಿಗಿ ಆಸಿ ಹುಟ್ಟೋದು?”

ಸತ್ತ ಮರಿಗಳು ಈ ನ್ಯಾಯಕ್ಕೆ ಏನೂ ಅನ್ನಲಿಲ್ಲ. ನಾದಿನಿ ಅಂದಳು, “ಬೇಲಿ ಹಾಕ್ತೀನಿ. ನೋಡೂನಂತ.”

ಮೊದಲನೆಯ ಬೇಲಿ ನನ್ನ ಗಂಡನ ಕೈಚಳಕ. ಹೊಲದ ಬದುವಿನ ಜಾಲಿ ಕಡಿದು ತಂದು ಸುತ್ತ ಒಟ್ಟಿದರು. ಕೈಗೆ ಮುಳ್ಳು ಚುಚ್ಚಿದ್ದನ್ನು ಊರಿಗೆಲ್ಲ ತೋರಿಸಿದರು. “ಇನ್ನ ಹುಲಿ ಬಂದ್ರೂ ಒಳಗ ಬರಂಗಿಲ್ಲ,” ಎಂದರು. ಹುಲಿ ಬರಲಿಲ್ಲ ನಿಜ. ಆದರೆ ಒಳಗಿನ ಆಡುಗಳು ಜಾಲಿಯ ಸೊಪ್ಪನ್ನೂ ಕಾಯನ್ನೂ ನಾಲಿಗೆ ಚಾಚಿ ಚಾಚಿ ತಿಂದು, ಉಳಿದ ಕಡ್ಡಿಗಳನ್ನು ಕೊಂಬಿನಿಂದ ಕೆಡವಿ, ನಾಲ್ಕು ದಿನಗಳಲ್ಲಿ ಬೇಲಿಯ ಹೊರಗೆ ನಿಂತು ಮೆಲುಕು ಹಾಕತೊಡಗಿದವು. ಕಾವಲಿಗೆ ಇಟ್ಟದ್ದನ್ನೇ ಉಂಡು ಮುಗಿಸುವ ಗುಣ ದೊಡ್ಡ ದೊಡ್ಡವರಲ್ಲಿ ಮಾತ್ರ ಇರುತ್ತದೆ ಎಂದು ತಿಳಿದಿದ್ದೆ.

ಆಮೇಲೆ ನಾದಿನಿ ತಾನೇ ಟೊಂಕಕ್ಕೆ ಸೆರಗು ಕಟ್ಟಿ ನಿಂತಳು. ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಶಹಾಬಾದಿನ ಫರಸಿ ಕಲ್ಲು ಎಂದು ದೂರದ ಊರಿನವರು ಹೆಮ್ಮೆಯಿಂದ ಅಂಗಳಕ್ಕೆ ಹಾಸುವ ಕಲ್ಲು ನಮಗೆ ನೆಲ, ಗೋಡೆ, ಮಾಳಿಗೆ, ಬಚ್ಚಲು, ಬಟ್ಟೆ ಒಗೆಯುವ ಬಂಡೆ ಎಲ್ಲವೂ ಹೌದು. ಗಣಿಯಲ್ಲಿ ಮೂಲೆ ಮುರಿದ ಹಾಸುಗಲ್ಲುಗಳು ರಾಶಿ ಬಿದ್ದಿರುತ್ತಿದ್ದವು. ಮುಕಾದಮ, ಬಿಳಿ ನಾಯಿಯ ಮುಲಾಜಿಗೋ ಏನೋ, ಒಂದು ಟ್ರ್ಯಾಕ್ಟರ್ ತುಂಬ ಕೊಡಿಸಿದ. ನಾದಿನಿ, ನಾನು, ಇಬ್ಬರು ಕೂಲಿಯವರು ಕೂಡಿ ಸುತ್ತ ಮೊಣಕಾಲುದ್ದ ತಗ್ಗು ತೋಡಿ, ಕಲ್ಲುಗಳನ್ನು ಹಲ್ಲಿನ ಸಾಲಿನಂತೆ ಒತ್ತೊತ್ತಿ ನಿಲ್ಲಿಸಿದೆವು. ಎದೆಯ ಎತ್ತರದ ಕಲ್ಲು, ಅದರ ಮೇಲೆ ಆಡಿಗೆ ಎಟುಕದಂತೆ ಮುಳ್ಳು, ಮನೆಯ ಕಡೆಗೆ ಒಂದು ತಗಡಿನ ಬಾಗಿಲು. ನೋಡಲಿಕ್ಕೆ ಸಣ್ಣ ಕೋಟೆ.

ಕೊನೆಯ ಕಲ್ಲು ನಿಲ್ಲಿಸುವಾಗ ಮಾವ ಬಂದರು.

“ಮತ್ತ ದೋಣಿ?”

ದೋಣಿ ಕೋಟೆಯ ಒಳಗೆ ಉಳಿದಿತ್ತು.

“ಹೊರಗ ಇಡೂನು, ಯಪ್ಪಾ. ನಾಲ್ಕು ಮಂದಿ ಹಿಡಿದ್ರ ಏಳತದ,” ಎಂದಳು ನಾದಿನಿ.

“ಹಿರ್ಯಾರು ಇಟ್ಟ ಜಾಗ ಅದು. ಅಲ್ಲಾಡಸಂಗಿಲ್ಲ.”

“ಹಂಗಾರ ನಾಯಿ ಹ್ಯಾಂಗ ಒಳಗ ಬರಬೇಕು?”

“ಅದಕ್ಕ ಕೇಳಾಕತ್ತೀನಿ ನಾನೂ.”

ಮಧ್ಯಾಹ್ನದ ತನಕ ವಾದ ನಡೆಯಿತು. ಕಡೆಗೆ ಮಾವ ಒಂದು ರಾಜಿ ಮಾಡಿದರು. ಹಿಂಬದಿಯ ಸಾಲಿನಲ್ಲಿ ಒಂದು ಕಲ್ಲಿನಷ್ಟು ಕಿಂಡಿ ಬಿಡಬೇಕು. ವಾರವೆಲ್ಲ ಅದಕ್ಕೆ ಅಡ್ಡ ಒಂದು ಕಲ್ಲು ಸರಿಸಿಡಬೇಕು, ಭಾನುವಾರ ಮಾತ್ರ ತೆಗೆಯಬೇಕು. ಕಿಂಡಿ ಎಷ್ಟಗಲ ಇರಬೇಕು ಎಂಬ ಪ್ರಶ್ನೆ ಬಂತು. ಭಾಳ ದೊಡ್ಡದಾದರೆ ಆಡು ಹೊರಗೆ ಹೋಗುತ್ತದೆ, ಸಣ್ಣದಾದರೆ ದೇವರಿಗೆ ಅಪಚಾರ. ಮಾವ ಅತ್ತಿತ್ತ ನೋಡಿ, ಕಟ್ಟೆಯ ನೆರಳಲ್ಲಿ ಮಲಗಿದ್ದ ಕೆಂಪು ನಾಯಿಯನ್ನು ಚಿಟಿಕೆ ಹಾಕಿ ಕರೆದರು. ಕೂಲಿಯವನು ಎರಡು ಕಲ್ಲುಗಳ ನಡುವೆ ಅವನನ್ನು ನಿಲ್ಲಿಸಿ, ಪಕ್ಕೆಯ ಎರಡೂ ಕಡೆ ಅಂಗೈ ಇಟ್ಟು ಅಳತೆ ತೆಗೆದ. ಸಿಂಪಿಗನ ಮುಂದೆ ನಿಂತ ಮದುಮಗನಂತೆ ನಾಯಿ ಉಸಿರು ಬಿಗಿಹಿಡಿದು ನಿಂತುಕೊಂಡ. ಒಂದು ಸಲ ಒಳಗೆ ಹೋದ, ಹೊರಗೆ ಬಂದ. ಎಲ್ಲೂ ಮೈ ತಾಗಲಿಲ್ಲ.

“ಬರಾಬರ್ ಅದ,” ಎಂದರು ಮಾವ.

ಕಳ್ಳನನ್ನೇ ಕರೆಸಿ, ಅವನ ಮೈಗೆ ಒಪ್ಪುವ ಕನ್ನ ಕೊರೆಸಿ, ಅದಕ್ಕೆ ಬೇಲಿ ಎಂದು ಹೆಸರಿಟ್ಟ ಮನೆ ಇಡೀ ಚಿತ್ತಾಪುರ ತಾಲೂಕಿನಲ್ಲಿ ನಮ್ಮದೊಂದೇ ಇದ್ದೀತು. ನಾದಿನಿ ಸಲಿಕೆ ಬಿಸಾಕಿ ಒಳಗೆ ಹೋದಳು. ಆ ರಾತ್ರಿ ಆಕೆಯ ಪಾಲಿನ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು.

ಸುಗ್ಗಿ ಮುಗಿದ ಮೇಲೆ ಭೀಮಾನದಿಯ ಕಡೆಯಿಂದ ಕುರುಬರು ಬಂದು ನಮ್ಮ ಹೊಲದಲ್ಲಿ ಕುರಿ ತರುಬಿದರು. ಗೊಬ್ಬರಕ್ಕಾಗಿ ಹಾಗೆ ಕುರಿ ನಿಲ್ಲಿಸುವುದು ವಾಡಿಕೆ. ಅವರಲ್ಲಿ ಸನ್ನತಿಯ ಒಬ್ಬ ಮುದುಕನಿದ್ದ. ಅವನ ನಾಯಿ ಆಗಷ್ಟೇ ಮರಿ ಹಾಕಿತ್ತು. ನಾದಿನಿ ಒಂದು ತಂಬಿಗೆ ಮಜ್ಜಿಗೆ, ನಾಲ್ಕು ಕಟಕ ರೊಟ್ಟಿ ಕೊಟ್ಟು ಕಪ್ಪು ಹೆಣ್ಣುಮರಿಯೊಂದನ್ನು ಉಡಿಯಲ್ಲಿ ಹಾಕಿಕೊಂಡು ಬಂದಳು.

“ಮನಿಯೊಳಗ ಬಿಟ್ಕೋಬ್ಯಾಡವ್ವಾ, ಆಡಿನಾಗ ಬಿಡು,” ಎಂದಿದ್ದನಂತೆ ಮುದುಕ. ನಾದಿನಿ ಹಾಗೇ ಮಾಡಿದಳು. ಮರಿ ಆಡುಗಳ ನಡುವೆ ಮಲಗಿತು, ಆಡಿನ ಹಾಲು ಕುಡಿಯಿತು, ಕೊಂಬಿನ ಪೆಟ್ಟು ತಿಂದು ಬುದ್ಧಿ ಕಲಿಯಿತು. ದೊಡ್ಡದಾಗುವ ಹೊತ್ತಿಗೆ ಅದಕ್ಕೆ ತಾನೂ ಒಂದು ಆಡು, ಆದರೆ ಉಳಿದವಕ್ಕಿಂತ ಸ್ವಲ್ಪ ಶಾಣ್ಯಾ ಆಡು ಎಂಬ ಭಾವನೆ ಬಂದಿತ್ತು. ಮೇಯಲು ಹೋದರೆ ಮುಂದೆ ನಾದಿನಿ, ಹಿಂದೆ ಕರಿನಾಯಿ. ಒಂದು ಸಂಜೆ ಗಣಿಯ ದಂಡೆಯಲ್ಲಿ ಮುಕಾದಮನ ಬಿಳಿ ನಾಯಿ ಹಿಂದೆ ಉಳಿದ ಆಡಿನ ಮರಿಯ ಕಡೆ ಸುಮ್ಮನೆ ನೋಡಿತಂತೆ, ನೋಡಿದ್ದಷ್ಟೇ. ಕಿವಿ ಹರಿಸಿಕೊಂಡು ಮನೆಗೆ ಬಂತು.

“ಏ ಅಕ್ಕಾ, ನಿಮ್ಮ ನಾಯಿ ನಮ್ಮ ನಾಯಿಗಿ ಕಚ್ಚೇದ!” ಎಂದು ಮುಕಾದಮ ಕೂಗಿಕೊಂಡು ಬಂದ.

“ನಿಮ್ಮ ನಾಯಿ ಯಾವುದಪಾ?” ಎಂದಳು ನಾದಿನಿ. “ನಿಮ್ಮ ಮನ್ಯಾಗ ಬರೇ ಮಲಗತದಲ್ಲಾ, ಅದೇನು?”

ಇಷ್ಟೆಲ್ಲ ಚೆಂದ ನಡೆದಿರುವಾಗ ಮಾವನಿಗೆ ಒಂದು ಚಿಂತೆ ಹತ್ತಿತು. ಭಾನುವಾರ ಎಡೆ ತಿನ್ನಲು ಬಂದ ನಾಯಿಗಳಿಗೆ ಕರಿನಾಯಿ ಕಿಂಡಿಯ ಬಾಯಲ್ಲೇ ನಿಂತು ಗುರುಗುಟ್ಟುತ್ತಿತ್ತು. ಅತಿಥಿಗಳು ಹೊರಗಿನಿಂದಲೇ ಬಾಲ ಮುದುರಿಕೊಂಡು ಹೋಗುತ್ತಿದ್ದರು. ಎಡೆ ಆರುತ್ತಿತ್ತು, ನಮ್ಮ ಹೊಟ್ಟೆ ಉರಿಯುತ್ತಿತ್ತು.

“ಮನಿಗಿ ಬಂದವ್ರಿಗಿ ಹಿಂಗ ಮಾಡಬಾರದು,” ಎಂದರು ಮಾವ. “ಭಾನುವಾರ ಕರೀದು ಮುಂದಿನ ಬೇವಿನಗಿಡಕ್ಕ ಕಟ್ರಿ.”

“ಮಾವಾರ, ಕಾವಲಿರೋದೇ ಅವು ಬರೋ ದಿನಕ್ಕಲ್ಲರಿ?” ಎಂದೆ ನಾನು, ಬಾಯಿ ತಡೆಯದೆ.

“ವಾರದಾಗ ಒಂದಿನ ಅದಕ್ಕೂ ರಜಾ ಬ್ಯಾಡೇನವ್ವಾ?” ಎಂದರು ಅವರು, ಭಾಳ ಕರುಣೆಯಿಂದ.

ಹೀಗಾಗಿ ನಮ್ಮ ಏರ್ಪಾಡು ಪೂರ್ತಿಯಾಯಿತು. ಕಳ್ಳರು ಬರದ ದಿನಗಳಲ್ಲಿ ಕಿಂಡಿಗೆ ಕಲ್ಲು, ಒಳಗೆ ಕಾವಲು. ಕಳ್ಳರು ಬರುವ ದಿನ ಕಲ್ಲೂ ಇಲ್ಲ, ಕಾವಲೂ ಇಲ್ಲ, ಮೇಲೆ ಹೋಳಿಗೆ. ನಾದಿನಿ ಭಾನುವಾರ ಎಲ್ಲಿಗೂ ಹೋಗದೆ, ಕೈಯಲ್ಲಿ ಕೋಲು ಹಿಡಿದು, ನಾಯಿಗಳು ತಿಂದು ಹೋಗುವ ತನಕ ಆಡುಗಳ ಮುಂದೆ ನಿಲ್ಲುತ್ತಿದ್ದಳು. ದೇವರ ನಾಯಿಗೆ ಬಡಿಯುವಂತಿಲ್ಲ. ಹಾಗಾಗಿ ಆ ಕೋಲು ಬರೀ ಹಿಡಿದು ನಿಲ್ಲುವುದಕ್ಕೆ.

ಅದೊಂದು ಭಾನುವಾರ ನನ್ನ ಗಂಡನ ಕಡೆಯ ನೆಂಟರು ಬಂದಿದ್ದರು. ಹೋಳಿಗೆ ಸುಡುತ್ತ ಸುಡುತ್ತ ನನ್ನ ಬೆನ್ನು ಹಿಡಿದಿತ್ತು. ಮಾವ ದೋಣಿ ತುಂಬಿಸಿ ಬಂದು ಕಟ್ಟೆಯ ಮೇಲೆ ಕುಳಿತರು. ನೆಂಟರಿಗೆ ಎಲೆ ಹಾಕಲು ನಾನೇ ನಾದಿನಿಯನ್ನು ಒಳಗೆ ಕರೆದೆ. ಒಂದು ಸಾಲು ಬಡಿಸಿ ಬರುವಷ್ಟರಲ್ಲಿ ಹಿತ್ತಲಿನಿಂದ ಆಡುಗಳು ಚೀರುವುದು ಕೇಳಿಸಿತು. ಮುಂಬಾಗಿಲಲ್ಲಿ ಕರಿನಾಯಿ ಕೊರಳ ಹಗ್ಗ ಜಗ್ಗಿ ಜಗ್ಗಿ ಬೇವಿನಗಿಡವನ್ನೇ ಕಿತ್ತುಕೊಂಡು ಹೋಗುವಂತೆ ಮಾಡುತ್ತಿತ್ತು.

ನಾದಿನಿ ತುಪ್ಪದ ಗಿಂಡಿಯನ್ನು ನೆಂಟರ ಎಲೆಯ ಮೇಲೆ ಬಿಟ್ಟು, ಮೂಲೆಯ ಕುಡಗೋಲು ಹಿಡಿದು ಹೊರಗೆ ಓಡಿದಳು. ಹಗ್ಗ ಕತ್ತರಿಸಿದ್ದಷ್ಟೇ ಕಂಡದ್ದು. ಕರಿನಾಯಿ ಮನೆ ಸುತ್ತಿ ಹಿಂದಿನ ಕಿಂಡಿಯಿಂದ ಒಳಗೆ ನುಗ್ಗಿತು. ನಾವು ತಗಡಿನ ಬಾಗಿಲಿಗೆ ಓಡಿದೆವು.

ಒಳಗೆ ಹೋಳಿಗೆ ಮುಗಿದಿತ್ತು. ಆ ದಿನ ಅತಿಥಿಗಳು ಹೆಚ್ಚು, ಎಡೆ ಕಡಿಮೆ. ಬಿಳಿ ನಾಯಿ ಒಂದು ಮರಿಯ ಕಿವಿ ಕಚ್ಚಿ ಹಿಡಿದಿತ್ತು. ಕೆಂಪು ನಾಯಿ ತಾಯಿ ಆಡನ್ನು ಮೂಲೆಗೆ ಒತ್ತಿದ್ದ. ಕರಿನಾಯಿಯನ್ನು ಕಂಡದ್ದೇ ಬಿಳಿ ನಾಯಿ ಮರಿಯನ್ನು ಬಿಟ್ಟಿತು. ಓಡಬೇಕೆಂದರೆ ದಾರಿ ಎಲ್ಲಿ? ನಾವು ಅಷ್ಟು ಕಷ್ಟಪಟ್ಟು ಒತ್ತೊತ್ತಿ ನಿಲ್ಲಿಸಿದ ಕಲ್ಲು ಮೊದಲ ಸಲ ತನ್ನ ಕೆಲಸ ಮಾಡಿತ್ತು, ನಾಯಿಗಳನ್ನು ಒಳಗೇ ಇಟ್ಟುಕೊಂಡು. ಇರುವ ಒಂದು ಕಿಂಡಿಯಲ್ಲಿ ಕರಿನಾಯಿ ಹಲ್ಲು ಬಿಟ್ಟು ನಿಂತಿತ್ತು. ಟೇಸನ್ನಿನ ನಾಯಿಗಳು ಗೋಡೆಗೆ ಹಾರಿ ಮುಳ್ಳು ಚುಚ್ಚಿಸಿಕೊಂಡು ಕೆಳಗೆ ಬೀಳುತ್ತಿದ್ದವು.

ಆಗ ಮಾವ ಒಳಗೆ ಬಂದರು. ಕೈಯಲ್ಲಿ ಎರಡು ಹೋಳಿಗೆ.

“ಏ ಏ, ಸಾಕು ಬಿಡ್ರೋ! ದೇವರ ದಿನ ಇದು!” ಎನ್ನುತ್ತ ನೇರ ನಡುವೆ ಹೋಗಿ ನಿಂತರು.

ದಿಕ್ಕುತಪ್ಪಿದ ಕೆಂಪು ನಾಯಿ ಹೋಳಿಗೆಯನ್ನೂ ನೋಡಲಿಲ್ಲ, ಇಷ್ಟು ವರ್ಷ ಹೋಳಿಗೆ ಹಾಕಿದ ಕೈಯನ್ನೂ ನೋಡಲಿಲ್ಲ. ಮಾವನ ಮೀನಖಂಡಕ್ಕೆ ಬಾಯಿ ಹಾಕಿದ. ಅವರು ಕೆಳಗೆ ಕುಸಿದರು. ನಾದಿನಿ ತಗಡಿನ ಬಾಗಿಲನ್ನು ಪೂರ್ತಿ ತೆರೆದಳು. ದೇವರ ನಾಯಿಗಳೆಲ್ಲ ನಮ್ಮ ಪಡಸಾಲೆಯ ಮೂಲಕ, ಉಣ್ಣುತ್ತಿದ್ದ ನೆಂಟರ ಎಲೆಗಳನ್ನು ತುಳಿದುಕೊಂಡು, ಮುಂಬಾಗಿಲಿನಿಂದ ಮರ್ಯಾದೆಯಾಗಿ ಹೊರಗೆ ಹೋದವು.

ನಾದಿನಿ ಗಾಯಕ್ಕೆ ಸಾಬೂನು ಹಚ್ಚಿ ಕೊಡಗಟ್ಟಲೆ ನೀರು ಸುರಿದಳು. ಟಂಟಂ ಆಟೋ ಮಾಡಿಕೊಂಡು ಶಹಾಬಾದಿನ ದವಾಖಾನೆಗೆ ಹೋದೆವು. ಮಾವ ದಾರಿಯುದ್ದಕ್ಕೂ ಕೆಂಪು ನಾಯಿಯ ಪರವಾಗಿ ವಕಾಲತ್ತು ನಡೆಸಿದರು.

“ಅದರದೇನು ತಪ್ಪಿಲ್ಲ. ಗಾಬರ್ಯಾಗಿತ್ತು. ನನ್ನ ಕಾಲು ಅಂತ ಅದಕ್ಕ ಗೊತ್ತಾಗಿಲ್ಲ.”

“ಹೌದಪ್ಪಾ,” ಎಂದಳು ನಾದಿನಿ. “ಕಾಲಿನ ಮ್ಯಾಲ ನಿನ್ನ ಹೆಸರು ಬರಸಬೇಕಿತ್ತು.”

ಸೂಜಿ ಚುಚ್ಚಿದ ಡಾಕ್ಟರು, ನಾಯಿಯ ಮೇಲೂ ಕಣ್ಣಿಡಿ, ಅದಕ್ಕೇನಾದರೂ ಆದರೆ ತಕ್ಷಣ ಬಂದು ಹೇಳಿ ಎಂದರು. ಸೂಜಿಗೆ ಮತ್ತೆ ಮತ್ತೆ ಬರಬೇಕು ಎಂದೂ ಹೇಳಿದರು. ಮಾವ ಮಂಚದ ಮೇಲೆ ಸಪ್ಪಗೆ ಕುಳಿತಿದ್ದರು. ನಾದಿನಿ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಕಾಲಿನ ಪಟ್ಟಿ ಸರಿಮಾಡುತ್ತ ಮೆಲ್ಲಗೆ ಕೇಳಿದಳು:

“ಯಪ್ಪಾ, ಇನ್ನೊಮ್ಮೆ ನಾಯಿ ಬಿದ್ರ ಆಡು ಸಂತಿಗಿ ಹೊಡೀತೀನಿ ಅಂದಿದ್ದಿ.”

“ಹೂಂ.”

“ಆಡಿನ ಮ್ಯಾಲ ಬಿದ್ದಾವ. ನಿನ್ನ ಮ್ಯಾಲೂ ಬಿದ್ದಾವ. ಆಡು ಚಿತ್ತಾಪುರಕ್ಕ ಒಯ್ತೀನಿ. ನಿನಗ ಯಾವ ಸಂತಿಗಿ ಒಯ್ಯಲಿ?”

ಆಕೆ ನಗಲಿಲ್ಲ. ಕಣ್ಣು ತುಂಬಿದ್ದವು. ಮಾವ ಕಾಲಿನ ಪಟ್ಟಿಯ ಮೇಲೆ ಕೈಯಾಡಿಸಿದರು. ಆಮೇಲೆ, “ಆ ಮರಿ ಕಿವಿ ಹ್ಯಾಂಗದ?” ಎಂದು ಕೇಳಿದರು.

“ಹರದದ. ಬದಕತದ.”

“ಮನಿಗಿ ನಡಿ. ದೋಣಿ ಹೊರಗ ಇಡಸು,” ಎಂದರು.

ಮರುದಿನ ಆರು ಮಂದಿ ಕೂಡಿ ದೋಣಿ ಎತ್ತಿದರು. ಹಿರಿಯರು ಯಾರೂ ಸಿಟ್ಟಿನಿಂದ ಎದ್ದು ಬರಲಿಲ್ಲ. ಅದರ ಕೆಳಗೆ ಒಂದು ಚೇಳು, ನನ್ನ ಕಳೆದುಹೋದ ತಾಮ್ರದ ಚಮಚ ಸಿಕ್ಕವು. ದೋಣಿಯನ್ನು ಮನೆಯ ಮುಂದೆ ಬೇವಿನಗಿಡದ ಬುಡದಲ್ಲಿ ಇಟ್ಟೆವು. ಕಿಂಡಿಗೆ ಕಲ್ಲು ನಿಲ್ಲಿಸಿ ಸುತ್ತ ಮಣ್ಣು ಬಡಿದೆವು. ಮಾವ ಕುರ್ಚಿ ಹಾಕಿಕೊಂಡು ಕುಳಿತು, “ಇನ್ನಾ ಗಟ್ಟಿ ಬಡೀರಿ,” ಎಂದು ಮುಕಾದಮನಿಗಿಂತ ಜೋರಾಗಿ ಕೂಗಿದರು.

ಆ ಹೊತ್ತಿಗೆ ಕೆಂಪು ನಾಯಿ ತಾನೇ ಬಂದ. ಕ್ಷಮೆ ಕೇಳಲಿಕ್ಕಲ್ಲ, ಹೋಳಿಗೆ ಉಳಿದಿದೆಯೋ ನೋಡಲಿಕ್ಕೆ. ಡಾಕ್ಟರ ಮಾತಿನಂತೆ ಕಣ್ಣಿಡಬೇಕಲ್ಲ, ಅವನನ್ನು ಬೇವಿನಗಿಡಕ್ಕೆ ಕಟ್ಟಿದೆವು. ಹಾಗೆ ಆಡು ಕೊಂದವನು, ಯಜಮಾನನನ್ನು ಕಚ್ಚಿದವನು, ನಮ್ಮ ಮನೆಯಲ್ಲಿ ಮೂರು ಹೊತ್ತು ಹಾಲು ರೊಟ್ಟಿ ತಿಂದುಕೊಂಡು ಅಳಿಯನ ಹಾಗೆ ಇದ್ದ. ಮಾವ ದಿನಾ ಬೆಳಿಗ್ಗೆ ಕುಂಟುತ್ತ ಹೋಗಿ ಅವನ ಬಾಯಿ, ಕಣ್ಣು ನೋಡಿ ಬರುತ್ತಿದ್ದರು. ತಾವೇ ಹುಷಾರಾದಷ್ಟು ಸಂತೋಷದಿಂದ, “ಚಲೋ ಇದ್ದಾನ,” ಎಂದು ನಮಗೆ ಸುದ್ದಿ ಹೇಳುತ್ತಿದ್ದರು. ಕರಿನಾಯಿ ಮೊದಮೊದಲು ದೂರದಿಂದ ಗುರುಗುಟ್ಟಿತು. ಆಮೇಲೆ ಹತ್ತಿರದಿಂದ ಗುರುಗುಟ್ಟಿತು. ಆಮೇಲಾಮೇಲೆ ಗುರುಗುಟ್ಟುವುದನ್ನು ಬಿಟ್ಟಿತು. ಅವನಿಗೆ ಯಾವ ರೋಗವೂ ಇಲ್ಲ ಎಂದು ಖಾತ್ರಿಯಾಗಿ ಹಗ್ಗ ಬಿಚ್ಚಿದಾಗ ಆಗಬೇಕಾದ್ದು ಆಗಿಹೋಗಿತ್ತು.

ಕಲ್ಲಿನ ಸಾಲಿನ ಒಳಗೆ ಮತ್ತೆ ನಾಯಿ ನುಗ್ಗಲಿಲ್ಲ. ಸುಗ್ಗಿ ಬರುವ ಮೊದಲೇ ಆಡುಗಳಿಗೆ ಜಾಗ ಸಾಲದೆ, ನಾದಿನಿ ಒಂದು ಬದಿಯ ಕಲ್ಲುಗಳನ್ನು ಕಿತ್ತು ಎರಡು ಮಾರು ಹೊರಗೆ ನಿಲ್ಲಿಸಿದಳು. ಯಾರ ಅಳತೆಯನ್ನೂ ತೆಗೆದುಕೊಳ್ಳಲಿಲ್ಲ.

ಸುಗ್ಗಿ ಮುಗಿದ ಮೇಲೆ ಸನ್ನತಿಯ ಮುದುಕ ಮತ್ತೆ ಕುರಿ ತರುಬಲು ಬಂದ. ಅವನ ನಾಯಿ ಆ ವರ್ಷ ಸತ್ತಿತ್ತು. ಕರಿನಾಯಿಯ ಮರಿಗಳನ್ನು ಒಂದೊಂದಾಗಿ ಎತ್ತಿ, ಕಿವಿ, ಪಂಜ ನೋಡಿ, ಕೆಂಪು ಮರಿಯೊಂದನ್ನು ಆರಿಸಿಕೊಂಡ.

“ತಾಯಿ ನಮ್ಮದೇ. ಅಪ್ಪ ಯಾವನವ್ವಾ?” ಎಂದು ಕೇಳಿದ.

“ರೈಲ್ವೇದಾಗ ಇದ್ದಾನ,” ಎಂದಳು ನಾದಿನಿ.

ಮುದುಕ ಮರಿಯ ಕಿವಿಯನ್ನು ಇನ್ನೊಮ್ಮೆ ಎತ್ತಿ ನೋಡಿದ. ಮರಿಯನ್ನು ಕಂಬಳಿಯ ಮಡಿಕೆಯೊಳಗೆ ಇಟ್ಟುಕೊಂಡು ಕುರಿಗಳ ಕಡೆಗೆ ಹೋದ.